ಬಾಳೆನಾರಿನ ನೀರು, ಚಂದ್ರಮತಿಯವರ ಕಾರು

ತೆರಕಣಾಂಬಿಯ ಚಂದ್ರಮತಿಯವರು ಕಟ್ಟಿದ ಮದುವೆ ಹಾರವನ್ನು ಗುಂಡ್ಲುಪೇಟೆಯವರೂ ಚಾಮರಾಜನಗರದವರೂ ಮುಟ್ಟಿಯೇ ಗುರುತಿಸುತ್ತಾರೆ. ಅವರು ದಾರ ಬಳಸುವುದಿಲ್ಲ. ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಹದಕ್ಕೆ ಬಂದ ಮೇಲೆ ಕಟ್ಟುತ್ತಾರೆ. ಹೂವು ನಲುಗುವುದಿಲ್ಲ, ಜಾರುವುದೂ ಇಲ್ಲ.

ಕುದೇರಿನಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಮನೆಪೂಜೆಗೆಂದು ಕಟ್ಟಲು ಕೂತವರು, ಆಮೇಲೆ ಊರೂರಿನ ಛತ್ರಗಳಿಗೆ ಬುಟ್ಟಿ ಹೊತ್ತು ಬಸ್ಸು ಹತ್ತಿದರು. ಕಂಡಕ್ಟರನ ಗೊಣಗಾಟ, ಹೂವಿನ ಮೇಲೆ ಯಾರದೋ ಈರುಳ್ಳಿ ಚೀಲ, ಎಲ್ಲ ಸಹಿಸಿದರು. ಹೋದ ವರ್ಷ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಹಾರ ಛತ್ರ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿಯಾಗಿತ್ತು. ಹುಡುಗಿಯ ಕೊರಳಲ್ಲಿ ಅಂಗಡಿಯ ಪ್ಲಾಸ್ಟಿಕ್ ಹೂವು. ಚಂದ್ರಮತಿ ಹಾರವನ್ನು ಹಾಗೇ ಬುಟ್ಟಿಯಲ್ಲಿ ಮನೆಗೆ ಹೊತ್ತು ತಂದರು. ಮುಂದಿನ ವಾರ ಗುಂಡ್ಲುಪೇಟೆಗೆ ಹೋಗಿ, ತಲೆ ನರೆತ ಈ ವಯಸ್ಸಿನಲ್ಲಿ, ಡ್ರೈವಿಂಗ್ ಕಲಿಯಲು ಹೆಸರು ಕೊಟ್ಟರು. ಲೈಸೆನ್ಸ್ ಬಂತು. ಆಮೇಲೆ ಕಾರೂ ಬಂತು, ಕರೆಂಟಿನದು.

ಕಾರು ಬಾಗಿಲಿಗೆ ಬಂದಾಗಿನಿಂದ ಸೊಸೆ ಕಾವ್ಯಶ್ರೀಗೆ ಮಾತ್ರ ನಿದ್ದೆಯಿಲ್ಲ. ಮೈಸೂರಿನಲ್ಲಿ ಓದಿ ಬೆಳೆದವಳು. ಮಗಳು ಪುಟ್ಟಿ ಈಗಷ್ಟೇ ಗೋಡೆ ಹಿಡಿದು ನಡೆಯುತ್ತಾಳೆ, ಸಿಕ್ಕಿದ್ದನ್ನೆಲ್ಲ ಎಳೆಯುತ್ತಾಳೆ. ಪಡಸಾಲೆಯ ಮರದ ಸ್ವಿಚ್‌ಬೋರ್ಡ್ ನೋಡಿದಾಗೆಲ್ಲ ಕಾವ್ಯಶ್ರೀಗೆ ಸುಟ್ಟ ವಾಸನೆ ಬಂದಂತಾಗುತ್ತಿತ್ತು.

"ಅತ್ತೆ, ಈ ಬೋರ್ಡಿಗೆ ಕಾರು ಸಿಗಿಸೋದು ಬೇಡ. ಮೊದಲು ಯಾರಾದ್ರೂ ಬಿಚ್ಚಿ ನೋಡ್ಲಿ," ಎಂದಳು.

ಮಾವ ಗಂಗಾಧರಸ್ವಾಮಿ ನಕ್ಕರು. "ಮನೆ ಕಟ್ಟಿದಾಗಿಂದ ಅದೆ ಕಣವ್ವ. ಪ್ರತಿ ಆಯುಧಪೂಜೇಲೂ ವಿಭೂತಿ ಹಚ್ಚಿವ್ನಿ. ಒಂದಿನ ಕೈಕೊಟ್ಟಿಲ್ಲ."

"ವಿಭೂತಿ ಹಚ್ಚುದ್ರೆ ವೈರು ದಪ್ಪ ಆಯ್ತದಾ?" ಎಂದರು ಚಂದ್ರಮತಿ. "ಅವ್ಳು ಏಳಾದು ಸರಿಯಾಗೇ ಅದೆ. ನಿಂಗರಾಜುಗೆ ಫೋನ್ ಮಾಡಿ."

ಕಾರಿಗೆಂದು ಕರೆಂಟಿನ ಆಫೀಸಿಗೆ ಅರ್ಜಿ ಕೊಟ್ಟು ಮನೆಯ ಲೋಡ್ ಹೆಚ್ಚಿಸಿದ್ದಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ನಿಂಗರಾಜು ಬಂದು ಫ್ಯೂಸ್ ಕಿತ್ತವನು ಹಾಗೇ ನಿಂತ. "ಸ್ವಾಮಣ್ಣ, ಮನೆ ಫ್ಯೂಸಿಗೆ ಪಂಪ್‌ಸೆಟ್ಟಿನ ದಪ್ಪ ತಂತಿ ಹಾಕಿರೋರು ಯಾರು?"

"ಸಣ್ಣದು ಪದೇ ಪದೇ ಓಯ್ತಿತ್ತು ಕಣ್ಲಾ. ತೋಟದ್ದೇ ಒಂದು ತುಂಡು ತಂದು ಸಿಗಿಸ್ಬುಟ್ಟೆ."

"ಸುಡ್ಬೇಕಾದ್ದು ಫ್ಯೂಸು. ಅದು ಸುಡದೇ ಇದ್ರೆ ಮನೆ ಸುಡ್ತದೆ. ನಿಮ್ ಸೊಸೆ ಪುಣ್ಯ."

ಕಾವ್ಯಶ್ರೀ ಪುಟ್ಟಿಯನ್ನು ಎತ್ತಿ ಸೊಂಟಕ್ಕೆ ಬಿಗಿದುಕೊಂಡಳು. ಗಂಗಾಧರಸ್ವಾಮಿ ತೋಟದ ನೆಪ ಹೇಳಿ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಹೊಸ ಬೋರ್ಡು ಮಗುವಿನ ಕೈಗೆ ಸಿಗದಷ್ಟು ಮೇಲೆ ಕೂತಿತ್ತು. ಕಾರಿಗೆಂದೇ ಬೇರೆ ದಪ್ಪ ತಾಮ್ರದ ವೈರು, ಲೋಡ್ ಮೀರಿದರೆ ತಾನೇ ಬೀಳುವ ಅದರದೇ ಎಂಸಿಬಿ, ಕರೆಂಟು ಸೋರಿದರೆ ತಾನಾಗಿ ಆರುವ ಇನ್ನೊಂದು ಸ್ವಿಚ್ಚು. ಚಾರ್ಜರ್ ಸಿಗಿಸಿದರೆ ಕೆಂಪು ದೀಪ ಹತ್ತಿತು.

"ಅರ್ತ್ ಸಾಲ್ದು," ಎಂದು ನಿಂಗರಾಜು ಅಂಗಳಕ್ಕೆ ಹೋದ. ಮನೆಗೆ ಅರ್ತ್ ಕೊಡುವ ಪೈಪು ಹೂತಿದ್ದ ಗುಂಡಿಯ ಮೇಲಿನ ಚಪ್ಪಡಿ ಸರಿಸಿದ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. "ಅಕ್ಕ, ನೀವು ದಿನಾ ಸಾಯಂಕಾಲ ನಾರು ನೆನೆಸಿದ ನೀರ ಇದಕ್ಕೇ ಉಯ್ತಿದ್ರಲ್ಲ?"

"ಬುಟ್ಬುಟ್ಟೆ ಕಣಪ್ಪ. ಈಗ ತೆಂಗಿನ ಬುಡಕ್ಕೆ ಉಯ್ತೀನಿ."

ಯಾಕೆ ಎಂದು ಅವರು ಹೇಳಲಿಲ್ಲ. ಕಾವ್ಯಶ್ರೀಗೆ ಗೊತ್ತಿತ್ತು. ಮಳೆಗಾಲದಲ್ಲಿ ಡೆಂಗ್ಯೂ ಸುದ್ದಿ ಕೇಳಿ, ಗುಂಡಿಯಲ್ಲಿ ಸೊಳ್ಳೆಯಾಗುತ್ತದೆಂದು ಚಪ್ಪಡಿ ಮುಚ್ಚಿಸಿದವಳು ತಾನೇ. ಈ ಗುಂಡಿ ಒಣಗಬಾರದು, ಒಣಗಿದರೆ ಅರ್ತ್ ಹಿಡಿಯುವುದಿಲ್ಲ ಎಂದು ಮನೆಗೆ ವೈರಿಂಗ್ ಮಾಡಿದ ಮಾರಯ್ಯ ಹೇಳಿದ್ದನಂತೆ. ಅಂದಿನಿಂದ ಅತ್ತೆ ತಪ್ಪದೆ ನೀರು ಹಾಕುತ್ತ ಬಂದಿದ್ದರು. ಪೈಪು ಚಿಗುರುತ್ತದೇನೋ ಎಂದು ಮಾವ ಎಷ್ಟು ಗೇಲಿ ಮಾಡಿದರೂ ಬಿಟ್ಟಿರಲಿಲ್ಲ. ಸೊಸೆಯ ಒಂದು ಮಾತಿಗೆ ಬಿಟ್ಟಿದ್ದರು.

ಮರುದಿನ ಮುಂಜಾನೆ ಚಾಮರಾಜನಗರದಲ್ಲಿ ಮದುವೆ. ಕಾರಿನಲ್ಲಿ ಉಳಿದ ಚಾರ್ಜು ಹೋಗಲು ಸಾಲಬಹುದು, ಬರಲು ಸಾಲದು.

"ಬಸ್ಸಿಗೇ ಓಯ್ತೀನಿ ಬುಡು," ಎಂದು ಚಂದ್ರಮತಿ ಹೂವಿನ ಮುಂದೆ ಕೂತರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಕಾವ್ಯಶ್ರೀಗೆ ತಡೆಯಲಾಗಲಿಲ್ಲ.

"ಬಸ್ಸು ಬೇಡ ಅತ್ತೆ. ನಿಂಗರಾಜು, ಏನೇನು ಬೇಕು ಹೇಳಿ."

ಪೈಪಿನ ಸುತ್ತ ಅಗೆದು, ಇದ್ದಿಲು, ಉಪ್ಪು ತುಂಬಿದರು. ನಾರಿನ ನೀರಿನ ಕೊಡವನ್ನು ಕಾವ್ಯಶ್ರೀಯೇ ಹೊತ್ತು ತಂದಳು, ಆಮೇಲೆ ನಲ್ಲಿಯ ನೀರನ್ನೂ. ಕಾಲು ಜಾರದಂತೆ ಮೇಲೊಂದು ಕಬ್ಬಿಣದ ಜಾಲರಿ, ಸೊಳ್ಳೆಗೆಂದು ಅದಕ್ಕೆ ಪರದೆ ಬಟ್ಟೆ. ತೋಟದಿಂದ ಬಂದ ಗಂಗಾಧರಸ್ವಾಮಿ ಬಗ್ಗಿ ನೋಡಿ, "ಚಿಗುರ್ತಾ ಅದಾ?" ಎಂದರು.

"ಫ್ಯೂಸಿಗೆ ತೋಟದ ತಂತಿ ನೆಡೋರಿಗಿಂತ ವಾಸಿ," ಎಂದು ಒಳಗಿನಿಂದ ಚಂದ್ರಮತಿಯವರ ಉತ್ತರ ಬಂತು.

ದೀಪ ಹಚ್ಚುವ ಹೊತ್ತಿಗೆ ನಿಂಗರಾಜು ಮೀಟರು ಹಿಡಿದು ನೋಡಿ ತಲೆಯಾಡಿಸಿದ. ಚಾರ್ಜರ್ ಸಿಗಿಸಿದ. ಹಸಿರು ದೀಪ. ಚಂದ್ರಮತಿ ಎದ್ದು ಬಂದು, ಕೈ ಒರೆಸಿಕೊಂಡು, ಹೊಸ ಬೋರ್ಡಿಗೆ ಮೂರೆಳೆ ವಿಭೂತಿ ಎಳೆದರು. ಈ ಬೋರ್ಡಿಗೆ ಕಾರು ಸಿಗಿಸಲು ಕಾವ್ಯಶ್ರೀ ಬೇಡವೆನ್ನಲಿಲ್ಲ.

ಬೆಳಕು ಹರಿಯುವ ಮುಂಚೆಯೇ ಹೊರಟರು. ಬುಟ್ಟಿಗಳು ಮುಂದಿನ ಸೀಟಿನಲ್ಲಿ, ಹಿಂದೆ ಕಾವ್ಯಶ್ರೀ, ಪುಟ್ಟಿ. ದಾರಿಯುದ್ದಕ್ಕೂ ಅವಳು "ಮೆಲ್ಲಗೆ ಅತ್ತೆ" ಎನ್ನುತ್ತಲೇ ಇದ್ದಳು. ಅತ್ತೆ ಮೆಲ್ಲಗೇ ಹೋಗುತ್ತಿದ್ದರು. ಮಲ್ಲಿಗೆಯ ಒಂದೆಸಳೂ ಅಲುಗಲಿಲ್ಲ.

ಛತ್ರದ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ಹೂವಿನೋರಾ? ಡ್ರೈವರ್‌ಗೆ ಹೇಳಿ, ಗಾಡಿ ಹಿಂದಕ್ಕೆ ಹಾಕ್ಲಿ."

"ಡ್ರೈವರೂ ಇವ್ರೇ, ಹಾರ ಕಟ್ಟಿದೋರೂ ಇವ್ರೇ," ಎಂದಳು ಕಾವ್ಯಶ್ರೀ. "ನಮ್ಮತ್ತೆ."

ಚಂದ್ರಮತಿ ಗಾಡಿಯನ್ನು ಒಂದೇ ಸಲಕ್ಕೆ ಹಿಂದೆ ತೆಗೆದು ನಿಲ್ಲಿಸಿದರು. ಹುಡುಗಿ ಇನ್ನೂ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಹಾರ ಮೊದಲೇ ಬಂದಿತ್ತು.

ಕಾವ್ಯಶ್ರೀ ಮಾವನಿಗೆ ಫೋನ್ ಮಾಡಿದಳು. "ಮಾವ, ನಾರಿನ ನೀರು ಹಿತ್ತಲಲ್ಲಿದೆ. ಸ್ವಲ್ಪ ಆ ಗುಂಡಿಗೆ..."

"ಆಗ್ಲೇ ಉಯ್ದೆ ಕಣವ್ವ," ಎಂದರು ಗಂಗಾಧರಸ್ವಾಮಿ. "ಜಾಲರಿ ಮುಚ್ಚೂ ಆಯ್ತು."