ಕಲೆ ಕಾಣುವ ಬಣ್ಣ

ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಟಂಟಂ ಆಟೋದಲ್ಲಿ ಓಡಾಡಿದವರಿಗೆ ನಾನು ಹೇಳುವುದು ಹೊಸದೇನಲ್ಲ. ಮುಂದೆ ಕೂತವನು ಗುಟ್ಕಾ ಉಗುಳಿದರೆ ಅದೆಲ್ಲ ರಸ್ತೆಗೇ ಬೀಳುವುದಿಲ್ಲ. ಅರ್ಧ ರಸ್ತೆಗೆ, ಇನ್ನರ್ಧ ಹಿಂದೆ ಕೂತವರ ಮೈಮೇಲೆ. ಉಗುಳಿದವನು ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಸೀಟಿನ ಕಂಬಿ ಹಿಡಿದರೆ ಅಂಟು, ಬಿಟ್ಟರೆ ಪಕ್ಕದವನ ಮೈಮೇಲೆ ಬೀಳುವ ಭಯ. ನಾನು ಎರಡು ಬೆರಳಲ್ಲಿ ಕಂಬಿ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ನನ್ನ ಕೆಲಸವಾದರೂ ಎಲ್ಲಿ? ನವನಗರದ ಒಂದು ಹಲ್ಲಿನ ದವಾಖಾನೆಯಲ್ಲಿ. ಡಾಕ್ಟರ್ ಮೇಡಂ ಹಲ್ಲು ಕೊರೆಯುವಾಗ ಪಕ್ಕದಲ್ಲಿ ನಿಂತು ಜೊಲ್ಲು ಎಳೆಯುವ ಪೈಪು ಹಿಡಿಯುವವಳು ನಾನು. ಕಂದು ಹಲ್ಲು, ಬಿಳಚಿದ ಕೆನ್ನೆ, ಬಿರಿದ ವಸಡು, ಇವೆಲ್ಲ ನನ್ನ ದಿನದ ನೋಟ. ಗುಟ್ಕಾದವರು ಬಂದರೆ ಮೇಡಂ ಮೊದಲು ಕನ್ನಡಿ ಕೊಡುವುದಿಲ್ಲ, ಅವರವೇ ಬೆರಳುಗಳನ್ನು ಅವರ ಬಾಯಿಯೊಳಗೆ ನಿಲ್ಲಿಸಿಕೊಳ್ಳಲು ಹೇಳುತ್ತಾರೆ. ಒಂದರ ಮೇಲೊಂದು ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ ಒಳಗೆ ಕೆನ್ನೆ ಬಿಗಿಯುತ್ತಿದೆ ಎಂದು ಅರ್ಥ. ಒಂದೇ ಬೆರಳು ಹಿಡಿಸಿದ ಗಂಡಸೊಬ್ಬ ರೊಟ್ಟಿ ತಿನ್ನಲಾಗದೆ ಅಂಬಲಿ ಕುಡಿದು ಬದುಕಿದ್ದೇನೆ ಎಂದಾಗ, ಅವನ ಜೇಬಿನಲ್ಲಿ ಇನ್ನೂ ಗುಟ್ಕಾ ಚೀಟು ಇಣುಕುತ್ತಿತ್ತು. ನನಗೆ ಕನಿಕರ ಬರಲಿಲ್ಲ, ವಾಕರಿಕೆ ಬಂತು.

ನಮ್ಮ ಮನೆಯವರೂ ತಿನ್ನುತ್ತಿದ್ದರು. ಹಳೆ ಊರಿನ ಪೇಟೆಯಲ್ಲಿ ಅವರದೊಂದು ಝೆರಾಕ್ಸ್ ಅಂಗಡಿ ಇದೆ. ಹೋದ ವರ್ಷ ಜಗಳವಾಡಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೂರು ಬೆರಳು ಸಲೀಸಾಗಿ ಹಿಡಿಸಿದವು. "ನಿಮ್ಮ ದೈವ ಚಲೋ ಐತಿ, ಇವತ್ತಿಂದನ ಬಿಡ್ರಿ," ಎಂದರು ಮೇಡಂ. ನನ್ನ ಕಡೆ ತಿರುಗಿ, "ಬೆರಳ ಕಡಿಮಿ ಆದ್ರ ಒಂದ ದಿನಾನೂ ತಡಾ ಮಾಡಬ್ಯಾಡ್ರಿ, ಕರ್ಕೊಂಡ ಬರ್ರಿ," ಎಂದರು. ಮುಂದಿನ ಶನಿವಾರ ನಮ್ಮವರು ತುಳಸಿಗೇರಿ ಹಣಮಪ್ಪನ ಮುಂದೆ ಕಾಯಿ ಒಡೆಸಿ ಆಣೆ ಮಾಡಿ ಬಂದರು. ಅಂದಿನಿಂದ ಬಾಯಲ್ಲಿ ಸದಾ ಯಾಲಕ್ಕಿ. ಮನೆಯೆಲ್ಲ ಯಾಲಕ್ಕಿ ವಾಸನೆ. ನಾನು ನಂಬಿದೆ, ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ ಕೂಡ.

ಒಂದು ಬೆಳಿಗ್ಗೆ ಟಂಟಂ ಇಳಿದು ದವಾಖಾನೆ ಮೆಟ್ಟಿಲು ಹತ್ತುವಾಗ ಮೇಡಂ ನನ್ನ ಭುಜ ನೋಡಿ ಗಾಬರಿಯಾದರು. ರಕ್ತ ಎಂದುಕೊಂಡರಂತೆ. ಅದು ರಕ್ತವಾಗಿದ್ದರೆ ನನಗೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲ. ಅಂದು ಸಂಜೆಯೇ ಮನೆಯಲ್ಲಿ ಹೇಳಿದೆ, ನನಗೊಂದು ಸ್ಕೂಟರ್ ಬೇಕು.

ನಮ್ಮವರು ಬೇಡ ಎನ್ನಲಿಲ್ಲ. ನಾನು ಗೆಳತಿಯ ಗಾಡಿಯಲ್ಲಿ ನವನಗರದ ಖಾಲಿ ಸೈಟುಗಳ ನಡುವೆ ಕಲಿತಿದ್ದೆ, ಲೈಸೆನ್ಸೂ ಆಗಿತ್ತು. ಗಾಡಿ ಓಡಿಸುವವಳು ನಾನಾದರೂ ಶೋರೂಮಿನಲ್ಲಿ ಮಾತೆಲ್ಲ ನಮ್ಮವರ ಜೊತೆ. "ಮೇಡಂಗ ಹಗೂರ ಗಾಡಿ ಬೇಕ್ರಿ ಸರ್," ಎನ್ನುತ್ತಿದ್ದ ಅಲ್ಲಿನ ಸೇಲ್ಸ್‌ಮನ್, ನಾನು ಪಕ್ಕದಲ್ಲಿ ಇಲ್ಲದವಳೇನೋ ಎಂಬಂತೆ. ಮಾತಿಗೊಮ್ಮೆ ಬಾಗಿಲಾಚೆ ಹೋಗಿ ಉಗುಳಿ ಬರುತ್ತಿದ್ದ. ಹೊಳೆಯುವ ಗಾಜಿನ ಬಾಗಿಲು, ಅದರ ಪಕ್ಕದಲ್ಲಿ ಉಗುಳಿನಿಂದ ಕೆಂಪಾದ ಗೋಡೆ. ನಾನು ಅವನ ಕಡೆ ನೋಡದೆ ಗಾಡಿಗಳ ಮೇಲೆ ಕೂತು ಕೂತು ಎದ್ದೆ. ಎರಡೂ ಕಾಲು ನೆಲಕ್ಕೆ ಊರಬೇಕು, ಮುಂದೆ ಊಟದ ಚೀಲ ಇಡಲು ಜಾಗ ಬೇಕು, ನಮ್ಮೂರಿನ ಹಂಪುಗಳಿಗೆ ತಳ ತಾಗಬಾರದು. ಹಾಗೆ ಒಂದನ್ನು ಆರಿಸಿದೆ. ಉಳಿದದ್ದು ಬಣ್ಣ.

"ಕೆಂಪ ತಗೋರಿ ಸರ್," ಎಂದ ಸೇಲ್ಸ್‌ಮನ್. "ಈ ಕಡೆ ಇದ ಭಾಳ ಹೋಗತೈತಿ. ಏನ ಬಿದ್ರೂ ಕಾಣಂಗಿಲ್ಲ."

ಏನು ಬೀಳುತ್ತದೆ ಎಂದು ಅವನಿಗೆ ಗೊತ್ತಿದೆ, ಊರಿಗೆಲ್ಲ ಗೊತ್ತಿದೆ, ಅದಕ್ಕೆ ಹೊಂದುವ ಬಣ್ಣ ಮಾರುತ್ತಿದ್ದಾರೆ. ಆದರೆ ನಮ್ಮವರೂ ಕೆಂಪನ್ನೇ ಹಿಡಿದು ಕೂತರು.

"ಖರೆ ಐತಿ ಅಂವ ಹೇಳೂದು. ಬಿಳೀದು ಯಾವಾಕಿ ದಿನಾ ತೊಳೀತಾಳ?"

"ನಾ ತೊಳೀತೇನ್ರಿ."

"ಇಳಕಲ್ಲಾಕಿ ಆಗಿ ಕೆಂಪ ಬ್ಯಾಡ ಅಂತೀಯಲ್ಲ!"

ನಾನು ಇಳಕಲ್ಲಿನ ನೇಕಾರರ ಮಗಳು, ನಿಜ. ನಮ್ಮ ಸೀರೆಗೆ ಕೆಂಪು ಸೆರಗು, ಅದೂ ನಿಜ. ಆ ಕೆಂಪಿನ ನಡುವೆ ಬಿಳಿ ಎಳೆ ಬರುತ್ತದೆ. ಬಿಳಿ ನೂಲು ಮುಟ್ಟುವ ಮೊದಲು ಅವ್ವ ನಮ್ಮ ಅಂಗೈ ಹೊರಳಿಸಿ ನೋಡುತ್ತಿದ್ದಳು. ಕೆಂಪು ನೂಲನ್ನು ಯಾವ ಕೈಯಲ್ಲಿ ಮುಟ್ಟಿದರೂ ಕೇಳುತ್ತಿರಲಿಲ್ಲ. ಇದನ್ನು ಶೋರೂಮಿನಲ್ಲಿ ವಿವರಿಸುವ ತಾಳ್ಮೆ ನನಗಿರಲಿಲ್ಲ. "ಬೀಳೂದು ಕಾಣಬೇಕು. ಬಿಳೀದ ಬೇಕು," ಎಂದಷ್ಟೇ ಹೇಳಿದೆ. ಅವರು ಮುಖ ಗಂಟು ಹಾಕಿಕೊಂಡು ಒಪ್ಪಿದರು.

ಗಾಡಿ ಬಂದದ್ದು ಶನಿವಾರ, ನಾನು ರಜೆ ಹಾಕಿದ್ದೆ. ಪೂಜೆಗೆ ತುಳಸಿಗೇರಿಗೇ ಹೊರಟೆವು. ನಾನು ಓಡಿಸಿದೆ, ಅವರು ಹಿಂದೆ ಕೂತರು. ಗುಡಿಯ ಮುಂದೆ ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹ್ಯಾಂಡಲಿಗೆ ಹೂ ಸುತ್ತಿದೆವು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದು ನಿಂತಿದ್ದರು. ವಾಪಸು ಬರುವಾಗ ಗಾಳಿ ಮುಖಕ್ಕೆ ಬೀಸುತ್ತಿತ್ತು, ಯಾರ ಉಗುಳೂ ಇಲ್ಲದ ಗಾಳಿ. ಹೆಲ್ಮೆಟ್ಟಿನೊಳಗೆ ನಾನೊಬ್ಬಳೇ ನಗುತ್ತಿದ್ದೆ.

ಮನೆ ಮುಂದೆ ನಿಲ್ಲಿಸಿ ಕಾಯಿನೀರಿನ ಕಲೆ ಒರೆಸೋಣವೆಂದು ಬಟ್ಟೆ ತಂದೆ. ಎಡಬದಿಯಲ್ಲಿ, ಹಿಂದಿನ ಸೀಟಿನ ಕೆಳಗೆ, ಉದ್ದಕ್ಕೆ ಕೆಂಪು ಎರಚಿತ್ತು.

"ಯಾವನೋ ಬಸ್ಸಿನ್ಯಾಗಿಂದ ಉಗುಳಿರಬೇಕು," ಎಂದರು ಅವರು, ನಾನು ಇನ್ನೂ ಏನೂ ಕೇಳಿರಲಿಲ್ಲ.

ಬಸ್ಸು ಹಾಯುವುದು ಬಲಕ್ಕೆ. ಎಡಕ್ಕೆ ದಾರಿಯುದ್ದಕ್ಕೂ ಜಾಲಿ ಗಿಡ ಬಿಟ್ಟರೆ ಯಾರೂ ಇರಲಿಲ್ಲ. ಜಾಲಿ ಗಿಡ ಗುಟ್ಕಾ ತಿನ್ನುವುದಿಲ್ಲ. ಅವರ ಎಡಗಾಲಿನ ಪ್ಯಾಂಟಿಗೂ ನಾಲ್ಕು ಹನಿ ಸಿಡಿದಿದ್ದವು. ಹಣಮಪ್ಪನಿಗೆ ಕೈಮುಗಿದು ಬಂದು ಒಂದು ಹರದಾರಿ ದೂರವೂ ತಡೆಯಲಾಗಲಿಲ್ಲ ಇವರಿಗೆ. ಯಾಲಕ್ಕಿ ವಾಸನೆ ನೆನಪಾಯಿತು. ವರ್ಷವಿಡೀ ಅದೇ ಬಾಯಿ ನನ್ನ ಪಕ್ಕದ ದಿಂಬಿನ ಮೇಲಿತ್ತು. ಟಂಟಂನಲ್ಲಿ ಉಗುಳುವವನನ್ನಾದರೂ ಬಿಟ್ಟು ಬೇರೆ ಗಾಡಿ ಹತ್ತಬಹುದು.

ಬಟ್ಟೆಯನ್ನು ಅವರ ಮೈಮೇಲೆ ಎಸೆದೆ. ಅವರು ಬಕೆಟ್ ತಂದು ಕೂತು ಒರೆಸತೊಡಗಿದರು. ಓಣಿಯವರು ನೋಡುತ್ತಿದ್ದರು, ನೋಡಲಿ ಎಂದು ನಾನೂ ನಿಂತಿದ್ದೆ. ಗಾಡಿ ಬೆಳ್ಳಗಾಯಿತು. ತಲೆ ಎತ್ತಿ, "ಹೋತು ನೋಡು," ಎಂದರು. ಹಾಗೆನ್ನುವಾಗ ಬಾಯಿ ಪೂರ್ತಿ ತೆರೆಯಲಿಲ್ಲ. ಹಲ್ಲಿನ ಸಂದಿಯಿಂದ ಮಾತು ಬಂತು.

"ಬಾಯಿ ತಗೀರಿ," ಎಂದೆ.

"ಏ, ಮಂದಿ ನೋಡಾಕತ್ತಾರ."

"ಬೆರಳ ಇಡ್ರಿ."

ಎರಡು ಹೋದವು. ಮೂರನೆಯದನ್ನು ತುರುಕಲು ನೋಡಿದರು, ಕಣ್ಣಲ್ಲಿ ನೀರು ಬಂತು, ಹೋಗಲಿಲ್ಲ. ಅವರಿಗಿದು ಮೊದಲೇ ಗೊತ್ತಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಊಟಕ್ಕೆ ಕೂತಾಗ ಇತ್ತೀಚೆಗೆ ರೊಟ್ಟಿ ಸಣ್ಣಗೆ ಮುರಿಯುತ್ತಿದ್ದರು, ಹಲ್ಲು ನೋವು ಎಂದಿದ್ದರು. ಬಾಯಿ ನೋಡುವುದೇ ಕೆಲಸವಾದ ನಾನು ಅದನ್ನು ನಂಬಿ ರೊಟ್ಟಿಗೆ ಬದಲು ಅನ್ನ ಬಡಿಸಿದ್ದೆ.

ಒದ್ದೆ ಕೈ ಒರೆಸಿಕೊಳ್ಳಲೂ ಬಿಡದೆ ಅವರನ್ನು ಎಬ್ಬಿಸಿದೆ. ದವಾಖಾನೆ ಮುಚ್ಚಲು ಇನ್ನೂ ಹೊತ್ತಿತ್ತು. ಹೂವಿನ ಹಾರ ಸುತ್ತಿದ್ದ ಗಾಡಿಯನ್ನೇ ಹೊರಳಿಸಿ ಅವರನ್ನು ಹಿಂದೆ ಕೂರಿಸಿಕೊಂಡೆ. ಕೆಲಸದ ದಾರಿಗೆಂದು ತಂದ ಸ್ಕೂಟರಿನಲ್ಲಿ ನವನಗರಕ್ಕೆ ನನ್ನ ಮೊದಲ ಸವಾರಿ ಅದು. ಅವರು ಅಂಜಿಕೆಯಿಂದಲೋ ಏನೋ ನನ್ನ ಭುಜ ಹಿಡಿದರು. ಆ ಕೈಯನ್ನು ಕೊಡವಿಹಾಕಬೇಕು ಎನ್ನುವಷ್ಟು ಹೇಸಿಗೆ ಇತ್ತು. ಕೊಡವಲಿಲ್ಲ.

"ಗಟ್ಟಿ ಹಿಡ್ಕೋರಿ," ಎಂದೆ, "ಮತ್ತ ಬಾಯಿ ಮುಚ್ಚಿ ಕುಂದರ್ರಿ."