ತಾಳೆಯಾಗದ ರುಜು

ಮೊನ್ನೆ ಭಾನುವಾರ ನನ್ನ ತಮ್ಮನ ಮಗಳು ಶ್ವೇತಾ ಬಂದಿದ್ದಳು. ನನ್ನ ಮ್ಯೂಚುವಲ್ ಫಂಡುಗಳನ್ನೆಲ್ಲ ಫೋನಿನಲ್ಲೇ ನೋಡುವ ಹಾಗೆ ಮಾಡಿಕೊಡುತ್ತೇನೆಂದು ಅರ್ಧ ಗಂಟೆ ಕೂತು ಏನೇನೋ ಒತ್ತಿ, ಕೊನೆಗೆ ಫೋನನ್ನು ನನ್ನ ಮುಂದೆ ಹಿಡಿದಳು. "ಅತ್ತೆ, ಇಲ್ಲಿ ಹೆಬ್ಬೆಟ್ಟು ಇಡಿ. ಇನ್ಮೇಲೆ ಹೆಬ್ಬೆಟ್ಟು ಇಟ್ರೆ ಸಾಕು, ಓಪನ್ ಆಗುತ್ತೆ."

ಗಾಜಿನ ಮೇಲೆ ಬೆರಳಚ್ಚಿನ ಗೆರೆಗಳ ಚಿತ್ರವೊಂದು ಮಿನುಗುತ್ತಿತ್ತು. ನನ್ನ ಹೆಬ್ಬೆರಳು ಅದರ ತನಕ ಹೋಗಿ ನಿಂತುಬಿಟ್ಟಿತು.

ವಯಸ್ಸಾದವಳು, ಫೋನಿಗೆ ಹೆದರುತ್ತಾಳೆ ಎಂದು ಅವಳು ಅಂದುಕೊಂಡಿರಬೇಕು. ಹೆದರಿಕೆಯಲ್ಲ. ಬೇಲೂರಿನ ಖಾಸಗಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ವಾಣಿಜ್ಯದ ಪಾಠ ಹೇಳಿದವಳು ನಾನು. ಅರಸೀಕೆರೆಯಿಂದ ದಿನಾ ಬೆಳಗಿನ ಬಸ್ಸು ಹಿಡಿದು, ಹಳೇಬೀಡಿನಲ್ಲಿ ಕ್ಯಾಮೆರಾ ತೂಗಿಸಿಕೊಂಡು ಹತ್ತುವ ಪ್ರವಾಸಿಗಳಿಗೆ ಸೀಟು ಬಿಟ್ಟುಕೊಡದೆ, ನಿಂತವರ ನಡುವೆ ಮೊಣಕೈಗೆ ಜಾಗ ಮಾಡಿಕೊಂಡು ಪೇಪರಿನ ವಾಣಿಜ್ಯ ಪುಟ ಓದುತ್ತಿದ್ದವಳು. ಹೆದರುವ ಪೈಕಿ ಅಲ್ಲ. ಆದರೆ ಹೆಬ್ಬೆಟ್ಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಅವ್ವ ನೆನಪಾಗುತ್ತಾಳೆ.

ನಮ್ಮವ್ವ ಕೆಂಪಮ್ಮ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದಳು. ಒಣಗಿದ ಕಾಯಿಯ ಚಿಪ್ಪನ್ನು ಒಡೆದು, ಒಳಗಿನ ಉಂಡೆ ಕೊಬ್ಬರಿ ಬಿರುಕು ಬಿಡದ ಹಾಗೆ ಬಿಡಿಸಿ, ದಪ್ಪ ಸಣ್ಣ ಆರಿಸಿ ಹಾಕುವ ಕೆಲಸ. ವರ್ಷಗಟ್ಟಲೆ ಚಿಪ್ಪು ಹಿಡಿದು ಹಿಡಿದು ಅವಳ ಹೆಬ್ಬೆರಳು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ನಾನು ಬಿ.ಕಾಂ. ಪಾಸಾದ ವರ್ಷ, ನಮ್ಮ ಮನೆಯಲ್ಲಿ ಮೊಟ್ಟಮೊದಲು ಡಿಗ್ರಿ ಮಾಡಿದವಳು ಎಂಬ ಗತ್ತಿನಲ್ಲಿ, ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆ ತೆರೆಸಿದೆ. ಅಲ್ಲಿನ ಗುಮಾಸ್ತರು ಮೂರು ಸಲ ಒತ್ತಿಸಿದರು. ಮೂರು ಸಲವೂ ನೀಲಿಯ ಮುದ್ದೆ.

"ಗೆರೆನೇ ಬರ್ತಿಲ್ವಲ್ಲಮ್ಮ. ಸರಿಯಾಗಿ ಒತ್ತಿ" ಅಂದರು ಅವರು.

ಅವ್ವ ಹೊರಗೆ ಬಂದು ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾ, "ಇದ್ದ ಗೆರೆನೆಲ್ಲಾ ಕೊಬ್ರಿ ತಿಂದ್ಕೊಂಡದೆ ಕಣವ್ವ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳ ಬ್ಯಾಂಕಿನ ಕೆಲಸವನ್ನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೆ.

ನನ್ನ ಡಿಗ್ರಿ ಎಲ್ಲಿಂದ ಬಂತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದು ಬಂದದ್ದು ಅಟ್ಟದಿಂದ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯಿ ಕುಲುಕಿದರೆ ಲೊಡಲೊಡ ಎನ್ನುತ್ತದೆ. ನಮಗೆ ತೋಟವಿರಲಿಲ್ಲ, ಒಂದು ಮರವೂ ಇರಲಿಲ್ಲ. ಅವ್ವ ಕೂಲಿಯಲ್ಲಿ ಉಳಿಸಿದ್ದರಲ್ಲಿ ಇನ್ನೂರು ಮುನ್ನೂರು ಕಾಯಿ ಕೊಂಡು ನಮ್ಮ ಒಂಟಿ ಕೋಣೆಯ ಬಿದಿರಿನ ಅಟ್ಟಕ್ಕೆ ಹಾಕಿ, ಮುಂದಿನ ವರ್ಷ ಕೊಬ್ಬರಿ ಮಾಡಿ ಮಾರುತ್ತಿದ್ದಳು. ಚಿಕ್ಕವಳಿದ್ದಾಗ ನಾನು ವಾರಕ್ಕೊಮ್ಮೆ ಏಣಿ ಹತ್ತಿ ಕಾಯಿ ಕುಲುಕಿ ನೋಡುತ್ತಿದ್ದೆ. ಕೆಳಗಿನಿಂದ ಅವ್ವ ಕೂಗುತ್ತಿದ್ದಳು. "ಮುಟ್ಬ್ಯಾಡ ಕಣೆ. ನೀನು ಕುಲುಕಿದ್ರೆ ಬೇಗ ಒಣಗ್ತದಾ? ಅದ್ರ ಪಾಡಿಗೆ ಅದು ಇರ್ಲಿ." ನನ್ನ ಕಾಲೇಜಿನ ಫೀಸು, ಪುಸ್ತಕ, ಎರಡು ಲಂಗ ದಾವಣಿ, ಎಲ್ಲವೂ ಆ ಅಟ್ಟದಿಂದ ಇಳಿದವು.

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಬೇಲೂರಿನ ಕೆಲಸ ಸಿಕ್ಕಿತು. ಸಂಬಳ ಸಣ್ಣದು, ಪಿಂಚಣಿಯ ಮಾತೇ ಇಲ್ಲ. ಮುಂದೆ ವಯಸ್ಸಾದ ಮೇಲೆ ಏನು ಎಂಬ ಚಿಂತೆಗೆ ನಾನು ಷೇರುಪೇಟೆಯ ಪುಟ ಓದಲು ಶುರು ಮಾಡಿದೆ. ಓದಿದ್ದನ್ನು ಯಾರಿಗಾದರೂ ಪಾಠ ಮಾಡದಿದ್ದರೆ ನನಗೆ ಅರಗುವುದಿಲ್ಲ. ಅವ್ವನನ್ನು ಕೂರಿಸಿಕೊಂಡು, ಕಂಪನಿ ಎಂದರೇನು, ಷೇರು ಎಂದರೇನು, ಲಾಭಾಂಶ ಎಂದರೇನು ಎಂದು ಒಂದು ಗಂಟೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು ಮೂರು ಪ್ರಶ್ನೆ ಕೇಳಿದಳು.

"ಎಷ್ಟ್ ದಿನ ಬಿಡ್ಬೇಕು?"

"ಜಾಸ್ತಿ ವರ್ಷ ಬಿಟ್ಟಷ್ಟೂ ಒಳ್ಳೇದು ಕಣವ್ವ."

"ಮಧ್ಯದಲ್ಲಿ ಕುಲುಕಿ ನೋಡ್ತಿರ್ಬೇಕಾ?"

"ಬೇಡ."

"ಇಲಿ ತಿಂದ್ರೆ?"

ಕಂಪನಿ ಮುಳುಗಿದರೆ ದುಡ್ಡು ಹೋಗುತ್ತದೆ ಎಂದು ಒಪ್ಪಿಕೊಂಡೆ. "ಅಂಗಾದ್ರೆ ಎಲ್ಲಾನೂ ಅಲ್ಲಿಗೇ ಹಾಕದು ಬ್ಯಾಡ. ಈ ಸಲದ ಕೊಬ್ರಿ ದುಡ್ಡಲ್ಲಿ ಅರ್ಧ" ಅಂದಳು. ಇದೇ ಮಾತನ್ನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿ ಮಕ್ಕಳಿಗೆ ನೋಟ್ಸು ಕೊಟ್ಟಿದ್ದೇನೆ. ಅಷ್ಟು ಚಿಕ್ಕದಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ.

ಹಾಸನಕ್ಕೆ ಹೋದಾಗ ಒಂದು ಸಿಮೆಂಟ್ ಕಂಪನಿಯ ಷೇರಿನ ಅರ್ಜಿ ತಂದೆ. ಕೂತು ತುಂಬುತ್ತಿದ್ದಾಗ ಅವ್ವ ಬಗ್ಗಿ ನೋಡಿದಳು. "ಯಾರ ಹೆಸ್ರು ಬರ್ದೆ?"

"ನಂದು. ನಿನ್ನ ಹೆಸರಾದ್ರೆ ಹೆಬ್ಬೆಟ್ಟು ಒತ್ಬೇಕು. ಅದಕ್ಕೆ ಮ್ಯಾಜಿಸ್ಟ್ರೇಟೋ ನೋಟರಿನೋ ರುಜು ಹಾಕ್ಬೇಕಂತೆ. ಯಾರ್ ಅಲೀತಾರೆ?"

"ದುಡ್ಡು ಯಾರ್ದು?"

"ನಿಂದು."

"ನಂಗೂ ಕೂಲಿ ಮಾಡಾಕೆ ಆಗದಿರೋ ಕಾಲ ಬತ್ತದೆ. ಆಗ ನಿನ್ನತ್ರ ಆಗ್ಲಿ, ನಿನ್ ತಮ್ಮನತ್ರ ಆಗ್ಲಿ ಕೊಡು ಅಂತ ನಿಂತ್ಕೊಳ್ಳಾಕಿಲ್ಲ. ನನ್ ಹೆಸ್ರೇ ಬರಿ. ರುಜು ಕಲ್ಸು."

ಅರ್ಜಿ ಕೊಡಲು ಎಂಟು ದಿನ ಬಾಕಿ ಇತ್ತು. ಎಂಟು ದಿನವೂ ಅವಳು ಬರೆದಳು. ಒಲೆ ಬೂದಿಯಲ್ಲಿ, ನನ್ನ ಹಳೇ ನೋಟ್ಸಿನ ಹಿಂಬದಿಯಲ್ಲಿ, ಮಂಡಿಯಲ್ಲಿ ಗೋಣಿಚೀಲದ ಮೇಲೆ ಸೀಮೆಸುಣ್ಣದಲ್ಲಿ. ಜೊತೆಯ ಹೆಂಗಸರು, "ಏನೆ ಕೆಂಪಿ, ತಾಸೀಲ್ದಾರ್ ಆಗ್ತೀಯಾ?" ಎಂದು ಕಿಚಾಯಿಸಿದರೆ, "ಆದ್ರೆ ನಿಂಗೇ ಮೊದ್ಲು ನೋಟೀಸು" ಅನ್ನುತ್ತಿದ್ದಳಂತೆ. ಕೊನೆಯ ದಿನ ಅರ್ಜಿಯ ಮೇಲೆ ರುಜು ಬಿತ್ತು. ಒಂದೊಂದು ಅಕ್ಷರವೂ ಹುಣಸೆಹಣ್ಣಿನಷ್ಟು ದೊಡ್ಡದು. ಗೆರೆಗಳು ಚಳಿಗೆ ನಡುಗಿದಂತಿದ್ದವು. ಕೊನೆಯ ಅಕ್ಷರ ಚೌಕದಿಂದ ಹೊರಗೆ ಹೋಗಿ ನಿಂತಿತ್ತು. ನಾನು ಅದರ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ. ಹೆಮ್ಮೆಗೆ ಇಟ್ಟುಕೊಂಡದ್ದು, ಮುಂದೆ ಬೇಕಾಗುತ್ತದೆಂದು ಅಲ್ಲ.

ನೂರು ಷೇರು ಬಂದವು. ಷೇರುಪತ್ರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಡೋಣ ಎಂದರೆ ಕೇಳದೆ ಅವ್ವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲೆ, ಕಾಯಿಗಳ ಪಕ್ಕ ಇಟ್ಟಳು. ಒಣಗಬೇಕಾದ್ದೆಲ್ಲ ಅವಳ ಲೆಕ್ಕದಲ್ಲಿ ಒಂದೇ ಜಾಗದಲ್ಲಿರಬೇಕು. ಆಮೇಲೆ ಪೇಟೆ ಏರಿತು, ಬಿತ್ತು. ಬಿದ್ದಾಗಲೆಲ್ಲ ನಾನು "ಮಾರಿಬಿಡೋಣವಾ" ಅನ್ನುತ್ತಿದ್ದೆ. ಅವಳು ಮೇಲಕ್ಕೆ ನೋಡಿ, "ಇಳೀಲಿ ಬಿಡು. ನಾವೇನ್ ಈಗ್ಲೇ ಇಳಿಸ್ಕೊಂಡು ತಿನ್ಬೇಕಾ?" ಅನ್ನುತ್ತಿದ್ದಳು. ಅದೇ ವರ್ಷಗಳಲ್ಲಿ ನಾನು, ಅವ್ವನಿಗೆ ಪಾಠ ಹೇಳಿದ ವಾಣಿಜ್ಯ ಪದವೀಧರೆ, ತೇಗದ ಗಿಡಕ್ಕೆ ದುಡ್ಡು ಹಾಕಿದರೆ ಹತ್ತು ಪಟ್ಟು ಬರುತ್ತದೆ ಎಂದು ಬಣ್ಣದ ಕಾಗದ ಹಂಚಿದವರನ್ನು ನಂಬಿ ನಾಲ್ಕು ತಿಂಗಳ ಸಂಬಳ ಕೊಟ್ಟೆ. ಗಿಡವೂ ಇರಲಿಲ್ಲ, ಕೊನೆಗೆ ಆಫೀಸೂ ಇರಲಿಲ್ಲ. ಅವ್ವ ಬೈಯಲಿಲ್ಲ. "ಕುಲುಕಿ ನೋಡ್ದೆ ಕೊಂಡ್ಕೊಂಡೆ" ಅಂದಳು, ಅಷ್ಟೇ.

ಎಂಟು ವರ್ಷ ಕಳೆದಿರಬಹುದು. ಅವ್ವನ ಬಲಗೈ ಭುಜದಿಂದ ಮೇಲೆ ಏಳುವುದು ಕಷ್ಟವಾಯಿತು. ಚಿಪ್ಪು ಒಡೆಯುವವರಿಗೆ ಭುಜವೇ ಬಂಡವಾಳ. "ಇನ್ನು ಇಳಿಸ್ಬೋದು ಕಣವ್ವ" ಎಂದು ತಾನೇ ಅಂದಳು. ಲಾಭಾಂಶ, ಬೋನಸ್ ಷೇರು ಎಲ್ಲ ಸೇರಿ ಮೊತ್ತ ಅವಳ ಕೂಲಿಯನ್ನು ಬಿಡಿಸುವಷ್ಟು ಬೆಳೆದಿತ್ತು. ಆದರೆ ಅಷ್ಟರಲ್ಲಿ ಕಾಗದದ ಷೇರು ಮಾರುವ ಕಾಲ ಮುಗಿದಿತ್ತು. ಷೇರುಪತ್ರವನ್ನು ಕಂಪನಿಗೆ ಒಪ್ಪಿಸಿ, ಕಂಪ್ಯೂಟರಿನಲ್ಲೇ ಷೇರು ಇಡುವ ಡಿಮ್ಯಾಟ್ ಖಾತೆಗೆ ಹಾಕಿಸಿಕೊಂಡ ಮೇಲೆಯೇ ಮಾರಬೇಕು. ಕೊಬ್ಬರಿ ವಾಸನೆ ಹೊಡೆಯುತ್ತಿದ್ದ ಪತ್ರಗಳಿಗೆ ಅವ್ವನ ರುಜು ಹಾಕಿಸಿ ಕಳಿಸಿದೆ. ತಿಂಗಳಾದ ಮೇಲೆ ಹಾಗೇ ವಾಪಸು ಬಂದವು. ಜೊತೆಗೆ ಒಂದು ಸಾಲಿನ ಚೀಟಿ: ರುಜು ತಾಳೆಯಾಗುತ್ತಿಲ್ಲ.

"ಏನಂತೆ?" ಅಂದಳು ಅವ್ವ.

"ಇದು ನಿನ್ನ ರುಜು ಅಲ್ಲವಂತೆ."

ಜೆರಾಕ್ಸ್ ತೆಗೆದು ನೋಡಿದಾಗ ಕಂಪನಿಯವರದು ತಪ್ಪಲ್ಲ ಅನಿಸಿತು. ಎಂಟು ವರ್ಷದಲ್ಲಿ ಅವ್ವನ ಕೈ ಪಳಗಿತ್ತು. ಮಂಡಿಯ ಕೂಲಿ ಪುಸ್ತಕದಲ್ಲಿ, ಹೆಂಗಸರ ಉಳಿತಾಯ ಸಂಘದ ಪುಸ್ತಕದಲ್ಲಿ ಹಾಕಿ ಹಾಕಿ ಅವಳ ರುಜು ಈಗ ಸಣ್ಣಗೆ, ಒಂದೇ ಉಸಿರಿಗೆ ಓಡುತ್ತಿತ್ತು. ಕೆಳಗೊಂದು ಗೆರೆ ಎಳೆದು ಚುಕ್ಕಿ ಬೇರೆ ಇಡುತ್ತಿದ್ದಳು. ಅದು ಅವಳದೇ ಸೇರ್ಪಡೆ.

ಆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಅವ್ವ ಅವ್ವನದೇ ರುಜುವನ್ನು ನಕಲು ಮಾಡಲು ಕೂತಳು. ನಾನು ಪಕ್ಕದಲ್ಲಿ ಕೂತು, "ಇನ್ನೂ ದೊಡ್ಡದಾಗಿ ಬರಿ, ಇನ್ನೂ ಸೊಟ್ಟ, ಕೈ ನಡುಗಿಸು" ಎಂದು ಮೇಷ್ಟರಿಕೆ ಮಾಡಿದೆ. ಬೇಕೆಂದು ನಡುಗಿಸಿದರೆ ಕೈ ಕುಣಿಯುತ್ತಿತ್ತು. ಎಡಗೈಯಲ್ಲೂ ನೋಡಿದಳು. ಕೊನೆಗೆ ಪೆನ್ನು ಇಟ್ಟು, "ಕಲ್ತಿದ್ದನ್ನ ಮರೆಯದು ಎಂಗೆ ಅಂತಲೂ ನಿಮ್ ಕಾಲೇಜಲ್ಲಿ ಹೇಳ್ಕೊಡ್ತಾರಾ?" ಅಂದಳು.

ಉಳಿದ ದಾರಿ ಒಂದೇ. ಹೊಸ ರುಜು ಅವಳದೇ ಎಂದು ಬ್ಯಾಂಕಿನವರು ದೃಢೀಕರಿಸಬೇಕು. ಮರುದಿನ ಇಬ್ಬರೂ ಹೋದೆವು. ಮ್ಯಾನೇಜರು ಒಳ್ಳೆಯವರೇ. ಅವ್ವನ ಖಾತೆಯ ಮಾದರಿ ರುಜುವಿನ ಕಾರ್ಡು ತರಿಸಿದರು. ಅದರ ಮೇಲೆ ಇದ್ದದ್ದು ಹಳೆಯ ನೀಲಿ ಮುದ್ದೆ.

"ನಮ್ಮ ದಾಖಲೆ ಪ್ರಕಾರ ಇವರು ರುಜು ಮಾಡೋರೇ ಅಲ್ವಲ್ಲ" ಅಂದರು. ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು. "ಸುಲಭದ ದಾರಿ ಹೇಳ್ತೀನಿ ನೋಡಿ ಮೇಡಂ. ಈಗ ರುಜು ಮಾಡಕ್ಕೆ ಬರಲ್ಲ ಅಂತ ಕಂಪನಿಗೆ ಒಂದು ಕಾಗದ ಬರೆದುಕೊಡಿ, ಅಮ್ಮ ಹೆಬ್ಬೆಟ್ಟು ಒತ್ತಲಿ. ನಮ್ಮ ಕಾರ್ಡಿಗೆ ಹೊಂದುತ್ತೆ, ನಾನು ಈಗಲೇ ಸೀಲು ಹಾಕಿಕೊಡ್ತೀನಿ."

ಶಾಯಿ ಡಬ್ಬಿಯನ್ನು ಅವ್ವನ ಮುಂದೆ ಸರಿಸಿದರು. ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕೂಡಲೇ ಚೀಲದಿಂದ ಬಿಳಿ ಹಾಳೆ ತೆಗೆದೆ. "ಒತ್ತಿಬಿಡವ್ವ. ಒಂದ್ಸಲ ತಾನೆ."

ಅವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮ್ಯಾನೇಜರನ್ನಲ್ಲ, ನನ್ನನ್ನು ನೋಡಿದಳು.

"ಕೆಂಪಮ್ಮನಿಗೆ ರುಜು ಬರಾಕಿಲ್ಲ ಅಂತ ನೀನು ಬರೀತೀಯಾ? ಕಲ್ಸಿದೋಳು ನೀನೇ ಅಲ್ವಾ?"

ನಾನು ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿದೆ. ಅವಳು ಮ್ಯಾನೇಜರ ಕಡೆ ತಿರುಗಿದಳು. "ಸ್ವಾಮಿ, ಆಗ ಬತ್ತಿರ್ಲಿಲ್ಲ, ಒತ್ತಿದ್ದೆ. ಈಗ ಬತ್ತದೆ. ನಿಮ್ ಕಾರ್ಡಲ್ಲಿ ಅದನ್ನ ಬರ್ಕಳಿ. ಬರಾಕಿಲ್ಲ ಅಂತ ಸುಳ್ಳು ಹೇಳಿ ದುಡ್ಡು ಈಸ್ಕಳಾಕೆ ನಂಗಾಗಾಕಿಲ್ಲ. ದುಡ್ಡು ಸಿಗದೆ ಇದ್ರೆ ಎಡಗೈಲಿ ಕಾಯಿ ಒಡೀತೀನಿ."

ಮ್ಯಾನೇಜರು ಶಾಯಿ ಡಬ್ಬಿಯ ಮುಚ್ಚಳ ಹಾಕಿದರು. ಹೊಸ ಕಾರ್ಡು ತೆಗೆದು ಮೂರು ಕಡೆ ಗುರುತು ಮಾಡಿಕೊಟ್ಟರು. ಅವ್ವ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ನೋಯುವ ಭುಜವನ್ನು ಒಮ್ಮೆ ನೀವಿಕೊಂಡು, ಮೂರು ರುಜು ಹಾಕಿದಳು. ಗೆರೆ, ಚುಕ್ಕಿ ಸಮೇತ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ನನ್ನ ರುಜುನೇ ಮೂರು ಸಲ ಹಿಂಗೆ ಒಂದೇ ಥರ ಬರಲ್ಲ ಕಣಮ್ಮ" ಎಂದು ದೃಢೀಕರಣಕ್ಕೆ ಸೀಲು ಹಾಕಿಕೊಟ್ಟರು.

ಎರಡೂ ರುಜು ಅವಳದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಲು ನೋಟರಿಯ ಹತ್ತಿರ ಎರಡು ದಿನ ಅಲೆದೆ. ಯಾರು ಅಲೆಯುತ್ತಾರೆ ಎಂದು ಹಿಂದೆ ಕೇಳಿದ್ದವಳು ನಾನೇ. ಪತ್ರಗಳು ಮತ್ತೆ ಹೋದವು. ಈ ಸಲ ವಾಪಸು ಬರಲಿಲ್ಲ. ಅರ್ಧ ಷೇರು ಮಾರಿ ಪೋಸ್ಟಾಫೀಸಿನ ತಿಂಗಳ ಬಡ್ಡಿಯ ಯೋಜನೆಗೆ ಹಾಕಿದೆವು. ಉಳಿದರ್ಧ ಇರಲಿ, ಒಣಗಲಿ ಅಂದಳು. ಆ ವಾರವೇ ಮಂಡಿಯ ಕೆಲಸ ಬಿಟ್ಟಳು. ಬಿಡುವಾಗ ಕೂಲಿ ಪುಸ್ತಕದ ಕೊನೆಯ ರುಜುವನ್ನು ಎರಡು ಸಾಲಿನಷ್ಟು ದೊಡ್ಡದಾಗಿ ಹಾಕಿ ಬಂದಳಂತೆ.

ಬದುಕಿದ್ದಷ್ಟು ದಿನ ಪ್ರತಿ ತಿಂಗಳೂ ಅವಳೇ ಪೋಸ್ಟಾಫೀಸಿಗೆ ಹೋಗುತ್ತಿದ್ದಳು. ನಾನು ತರುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಒಂದು ಸಲ ಜೊತೆಗೆ ಹೋಗಿದ್ದೆ. ಅವಳು ರುಜು ಹಾಕಿ, ಗೆರೆ ಎಳೆದು, ಚುಕ್ಕಿ ಎಲ್ಲಿಡಬೇಕೆಂದು ನೋಡುತ್ತಿದ್ದಾಗ ಸಾಲಿನಲ್ಲಿ ಹಿಂದೆ ನಿಂತವರೊಬ್ಬರು, "ಬೇಗ ಮಾಡಮ್ಮ" ಅಂದರು. ತಿರುಗದೆಯೇ, "ಇರಪ್ಪ, ಪೋಸ್ಟಾಪೀಸು ಓಡೋಗಾಕಿಲ್ಲ" ಅಂದಳು.

ಅವಳನ್ನು ನೋಡಿ ನಾನೂ ಕಲಿತೆ. ಸಂಬಳ ಬಂದ ದಿನ ಒಂದು ಭಾಗವನ್ನು ತಿಂಗಳು ತಪ್ಪದೆ ಫಂಡಿಗೆ ಹಾಕಿದೆ. ಅರ್ಧ ಅಲ್ಲಿ, ಅರ್ಧ ಪೋಸ್ಟಾಫೀಸಿನಲ್ಲಿ. ಕುಲುಕಿ ನೋಡಲಿಲ್ಲ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಕಡಿಮೆ ನೋಡಿದೆ. ಪಿಂಚಣಿ ಇಲ್ಲದ ಕೆಲಸದಿಂದ ನಿವೃತ್ತಳಾದ ನಾನು ಇವತ್ತು ನನಗೆ ನಾನೇ ತಿಂಗಳು ತಿಂಗಳು ಪಿಂಚಣಿ ಕೊಟ್ಟುಕೊಳ್ಳುತ್ತಿದ್ದೇನೆ. ಯಾರ ಮುಂದೆಯೂ ಕೊಡು ಎಂದು ನಿಂತಿಲ್ಲ. ಇದನ್ನು ಹೇಳುವಾಗ ದನಿ ಸ್ವಲ್ಪ ಏರಿದ್ದರೆ ಏರಲಿ.

ಇಷ್ಟನ್ನೂ ಶ್ವೇತಾಗೆ ಹೇಳಿದೆ. ಫೋನಿನ ಬೆಳಕು ಎರಡು ಸಲ ಆರಿತು, ಎರಡು ಸಲ ಅವಳು ಹೊತ್ತಿಸಿದಳು. ಕೊನೆಗೆ, "ಹಾಗಾದ್ರೆ ನಂಬರ್ ಇಟ್ಕೊಳ್ಳಿ ಅತ್ತೆ. ಆರು ಅಂಕಿ. ಪ್ರತಿ ಸಲ ಹಾಕ್ಬೇಕು, ನೆನಪಿಟ್ಕೋಬೇಕು, ಅದೇ ತೊಂದ್ರೆ" ಅಂದಳು.

ತೊಂದರೆಯೇ. ಮಾರನೆಯ ದಿನ ಬೆಳಿಗ್ಗೆ ಒಂದು ಸಲ ತಪ್ಪಿದೆ. ಎರಡನೆಯ ಸಲವೂ ತಪ್ಪಿದೆ. ಕಾಫಿ ಕುಡಿದು ಬಂದು ಮತ್ತೆ ಕೂತೆ. ನನ್ನ ಹಿಂದೆ ಸಾಲಿನಲ್ಲಿ ಯಾರೂ ಇರಲಿಲ್ಲ. ಹೆಬ್ಬೆರಳನ್ನು ಮಡಚಿಕೊಂಡು, ತೋರುಬೆರಳಿನಿಂದ ಒಂದೊಂದೇ ಅಂಕಿಯನ್ನು ನಿಧಾನವಾಗಿ ಒತ್ತಿದೆ.