ಫಿನ್ಲೆಂಡಿನವರ ಸಾಲಿನಲ್ಲಿ ಸಲೀಮಾ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿ ಸಲೀಮಾ ನನ್ನ ಜೊತೆ ಇಪ್ಪತ್ತಾರು ವರ್ಷ ಇದ್ದಳು. ಬಾಗ್ದಾದಿನ ಯೆಹೂದಿ ಮನೆಯವಳು; ಒಂಬತ್ತು ವರ್ಷದವಳಿದ್ದಾಗ ಇಸ್ರೇಲಿಗೆ ಬಂದು, ವಲಸೆ ಬಂದವರ ತಗಡಿನ ಶೆಡ್ಡಿನಲ್ಲಿ ಬೆಳೆದು, ಬಸ್ ಡ್ರೈವರ್ ನಹೂಮನನ್ನು ಮದುವೆಯಾಗಿ ಜೆರುಸಲೇಮಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನೆಲೆ ನಿಂತವಳು. ಆಳು ಗಿಡ್ಡ, ಗಂಟಲು ಮಾತ್ರ ನಮ್ಮ ಒಗೆಯುವ ಯಂತ್ರಗಳನ್ನೂ ಮೀರಿಸುತ್ತಿತ್ತು.

ಯೆಹೂದಿಗಳು ವಾರವಿಡೀ ಚಪ್ಪರದಡಿ ಕೂತು ಉಣ್ಣುವ ಸುಕ್ಕೋತ್ ಹಬ್ಬದ ನಡುವೆ ಒಂದು ದಿನ ಪ್ರತಿ ವರ್ಷ ಊರಿಗೆ ಊರೇ ಮೆರವಣಿಗೆ ಹೊರಡುತ್ತದೆ. ಬ್ಯಾಂಕಿನವರು, ಅಂಚೆಯವರು, ಆಸ್ಪತ್ರೆಯವರು ತಂತಮ್ಮ ಫಲಕ ಹಿಡಿದು ನಡೆದರೆ, ಪರದೇಶದ ತಂಡಗಳೂ ಬಾವುಟ ಹಿಡಿದು ಬರುತ್ತವೆ. ಒಂದು ವರ್ಷ ನಾವು ಆಸ್ಪತ್ರೆಯವರ ಸಾಲಿನಲ್ಲಿ ಹೋಗುತ್ತಿದ್ದಾಗ ಅರ್ಧ ದಾರಿಯಲ್ಲಿ ಸಲೀಮಾಳ ಹೊಸ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು.

"ನೀವು ನಡೀರಿ, ಹಿಂದೇನೇ ಬಂದೆ" ಎಂದು ರಸ್ತೆಯಂಚಿನಲ್ಲಿ ಕೂತಳು.

ನಾವು ಕೊನೆ ಮುಟ್ಟಿ ಕಾಯುತ್ತ ನಿಂತೆವು. ಒಂದು ಗಂಟೆಯಾದರೂ ಅವಳ ಸುಳಿವಿಲ್ಲ. ಆಮೇಲೆ ಆರಡಿ ಎತ್ತರದ ಫಿನ್ಲೆಂಡಿನವರು ಹಾಡುತ್ತ ಬಂದರು. ಅವರ ನಡುವೆ, ಕಾಲಿಗೆ ನೀಲಿ ರಿಬ್ಬನ್ ಸುತ್ತಿಕೊಂಡು, ಕೈಯಲ್ಲಿ ಅವರ ಬಾವುಟ ಹಿಡಿದು, ನಮ್ಮ ಸಲೀಮಾ!

"ಏನೇ ಸಲೀಮಾ, ಯಾವಾಗ ಫಿನ್ಲೆಂಡಿನವಳಾದೆ?" ಎಂದು ನಾನು ಕೂಗಿದೆ.

"ಬಿಡ್ತಾನೇ ಇಲ್ಲ ಕಣೇ ಇವ್ರು! ದಾರೀಲೊಬ್ಬ 'ನಮ್ಮೂರಿಗೆ ಬಂದ್ರಲ್ಲ, ಸಂತೋಷ' ಅಂತ ಇಂಗ್ಲಿಷಲ್ಲಿ ಕೈ ಕುಲುಕಿದ. ಅಯ್ಯೋ ಪುಣ್ಯಾತ್ಮ, ನಮ್ಮನೆ ಇಲ್ಲೇ ಎರಡು ಓಣಿ ಆಚೆ ಅಂದೆ!"

ಚಪ್ಪಲಿಗೆ ರಿಬ್ಬನ್ ಕಟ್ಟಿಕೊಟ್ಟವಳು ಅವರಲ್ಲೊಬ್ಬಳು, ಶಾಲೆಯ ಟೀಚರ್ ರಿತ್ವಾ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಸಲೀಮಾ ಅವಳ ಕೈ ಹಿಡಿದು ಮನೆಗೆ ಎಳೆದೊಯ್ದಳು. ಬೆನ್ನಿಗೆ ಉಳಿದ ಹನ್ನೊಂದು ಜನ. ಅಂಗಳದಲ್ಲಿ ಖರ್ಜೂರದ ಗರಿ ಹೊದಿಸಿದ ಹಬ್ಬದ ಚಪ್ಪರದಲ್ಲಿ ಆರು ಜನ ಕೂತರೆ ಹೆಚ್ಚು.

"ಎಲ್ಲಿ ಕೂರಿಸ್ತೀಯ ಇವರನ್ನೆಲ್ಲ?" ಎಂದ ನಹೂಮ.

"ಶಾಸ್ತ್ರಕ್ಕೆ ಚಪ್ಪರಕ್ಕೆ ಮೂರು ಗೋಡೆ ಇದ್ರೆ ಸಾಕಲ್ವಾ? ನಾಲ್ಕನೇದು ಬಿಚ್ಚು."

ಗೊಣಗುತ್ತಲೇ ಅವನು ಒಂದು ಕಡೆ ಗೋಡೆಯಾಗಿ ಕಟ್ಟಿದ್ದ ಬೆಡ್‌ಶೀಟ್ ಬಿಚ್ಚಿದ. ಬೀಟ್‌ರೂಟ್ ಸಾರಿನಲ್ಲಿ ಬೇಯಿಸಿದ ಮಾಂಸದ ಉಂಡೆಗಳನ್ನು ಬಂದವರೆಲ್ಲ ಮೂರು ಸಲ ಹಾಕಿಸಿಕೊಂಡು ತಿಂದು, ತುಟಿ ಕೆಂಪು ಮಾಡಿಕೊಂಡು ನಕ್ಕರು.

ಅಂದಿನಿಂದ ಪ್ರತಿ ಹಬ್ಬಕ್ಕೂ ರಿತ್ವಾ ಬಂದಳು. ಹೀಬ್ರೂ ಕಲಿತಳು, ಕಲಿಸಿದವಳು ಸಲೀಮಾ ಆದ್ದರಿಂದ ಬಾಗ್ದಾದಿನ ಗಂಟಲಲ್ಲೇ ಕಲಿತಳು, ಬೈಗುಳ ಸಮೇತ. ಸಲೀಮಾ ಮಾತ್ರ ಮತ್ತೆ ನಮ್ಮ ಸಾಲಿಗೆ ಬರಲೇ ಇಲ್ಲ. ನಾವು ಎಷ್ಟು ರೇಗಿಸಿದರೂ "ನಿಮ್ಮ ಮುಖ ವರ್ಷವಿಡೀ ನೋಡ್ತೀನಲ್ಲ" ಎನ್ನುತ್ತಿದ್ದಳು.

ಹೋದ ವರ್ಷ ರಿತ್ವಾ ಸೊಂಟದ ಮೂಳೆ ಮುರಿದುಕೊಂಡು ಫಿನ್ಲೆಂಡಿನಲ್ಲೇ ಉಳಿದಳು. ಎಂಬತ್ತು ದಾಟಿದ ಸಲೀಮಾ ಗಾಲಿಕುರ್ಚಿಯಲ್ಲಿ ಕೂತು, ಫಿನ್ಲೆಂಡಿನವರ ಮುಂದೆ ಬಾವುಟ ಹಿಡಿದು ಹೋದಳು. ಕುರ್ಚಿ ತಳ್ಳಿದವಳು ನಾನೇ. ಸಂಜೆ ಸಲೀಮಾ ಫೋನ್ ಮಾಡಿ ಅಳುವಷ್ಟರಲ್ಲಿ ರಿತ್ವಾ ಆ ಕಡೆಯಿಂದ ಗದರಿದಳು:

"ಅಳು ಆಮೇಲೆ ಇಟ್ಕೊ. ಚಪ್ಪರದಲ್ಲಿ ಎಷ್ಟು ಜನ ಇದಾರೆ, ಹೇಳು."

"ಹದಿನಾಲ್ಕು! ನಹೂಮ ಹೊರಗೆ ನಿಂತು ತಿಂತಿದಾನೆ."